ಶನಿವಾರ ಬರುವುದಿಲ್ಲ

ಮಹಡಿ ಮನೆ, ಅಡುಗೆಮನೆಯ ಮೇಜು
ಶುಕ್ರವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ

ಮುನಿಸಿಕೊಂಡಿರುವ ಮಗನಿಗೆ, ಅಷ್ಟೇ ಮುನಿಸಿಕೊಂಡಿರುವ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಎಡ ಮೊಣಕಾಲಿನ ನೋವು ಕಡಿಮೆಯಾಯಿತೇ? ಹೊಸ ಕಟ್ಟಡಗಳಿಗೆ ಲಿಫ್ಟ್ ಕೂರಿಸುತ್ತ ದಿನವಿಡೀ ಅದರ ಗುಂಡಿಯೊಳಗೆ ಏಣಿ ಹತ್ತಿ ಇಳಿಯುವವನಿಗೆ ಮೊಣಕಾಲೇ ಬಂಡವಾಳ, ಅದಕ್ಕೆ ಪಟ್ಟಿ ಹಾಕಿಕೋ ಎಂದು ನೂರು ಸಲ ಹೇಳಿದ್ದೇನೆ, ಇದು ನೂರಾ ಒಂದನೆಯದು. ಸಿಮೆಂಟಿನ ಧೂಳಿಗೆ ಬರುವ ಕೆಮ್ಮು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟು ಬಂದರೆ ನೀನು ಮೊದಲು ಬಿಡುವುದು ಊಟವನ್ನು, ಆಮೇಲೆ ಮನುಷ್ಯರನ್ನು; ಐದು ವರ್ಷದವನಿದ್ದಾಗಲೂ ಇದೇ ಕಥೆ. ನನ್ನ ವಿಷಯಕ್ಕೆ ಬಂದರೆ, ಕಣ್ಣು, ಕಾಲು, ಬಾಯಿ ಮೂರೂ ನಡೆಯುತ್ತಿವೆ. ಬಾಯಿ ಸ್ವಲ್ಪ ಜಾಸ್ತಿಯೇ ನಡೆಯುತ್ತದೆ ಎಂದು ನಿನ್ನ ಮಗಳ ದೂರು. ಫೋನ್ ಮಾಡದೆ ಕಾಗದ ಏಕೆ ಎಂದರೆ, ಹೋದ ಮೂರು ಸಲವೂ ಎರಡನೆಯ ಮಾತಿಗೆ ಇಬ್ಬರೂ ಕೂಗಾಡಿ, ಮೂರನೆಯ ಮಾತಿಗೆ ನೀನು ಫೋನ್ ಇಟ್ಟುಬಿಟ್ಟೆ. ಕಾಗದವನ್ನೂ ನೀನು ಅರ್ಧಕ್ಕೆ ಇಡಬಹುದು, ಆದರೆ ಅದು ನಿನ್ನ ಕಣ್ಣೆದುರೇ ಬಿದ್ದಿರುತ್ತದೆ. ಅಂಚೆಗೆ ಹಾಕಿದರೆ ಬುಧವಾರದೊಳಗೆ ಸೇರುವ ನಂಬಿಕೆಯಿಲ್ಲ. ಹಾಗಾಗಿ ನೀನಿರುವ ಊರಿಗೆ ಬಸ್ಸು ಓಡಿಸುವ ಡ್ರೈವರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಯಾರು, ನನಗೆ ಹೇಗೆ ಪರಿಚಯ ಎಂಬುದನ್ನು ಮುಂದೆ ಹೇಳುತ್ತೇನೆ.

ಸೋಮವಾರ ನಿನ್ನ ವಕೀಲರ ಕಾಗದ ಬಂತು. ಓದಿದೆ. ಎರಡು ಸಲ ಓದಿದೆ. ಡೈವೋರ್ಸ್ ಅರ್ಜಿಯ ಜೊತೆಗೆ ಈಗ ಇನ್ನೊಂದು ಅರ್ಜಿ: ಮಗು ಪೂರ್ತಿಯಾಗಿ ನಿನ್ನ ಹತ್ತಿರವೇ ಇರಬೇಕು, ಏಕೆಂದರೆ ತಾಯಿ ಬೇಕೆಂತಲೇ ಮಗುವನ್ನು ತಂದೆಯಿಂದ ದೂರ ಇಡುತ್ತಿದ್ದಾಳೆ. ಅದಕ್ಕೆ ಪುರಾವೆ ಎಂದು ಮಗುವಿನ ನೀಲಿ ಪುಸ್ತಕದ ಒಂದು ಪುಟದ ಫೋಟೊ, ಫೋಟೊದಲ್ಲಿ ಎರಡು ಪದಗಳ ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು. ಶನಿವಾರ ಬರುವುದಿಲ್ಲ. ಬುಧವಾರ ಹನ್ನೊಂದು ಗಂಟೆಗೆ ಕೋರ್ಟಿನಲ್ಲಿ ಜಡ್ಜರು ಜೀರಿಗೆಯನ್ನು ಒಂದು ಕೋಣೆಗೆ ಒಬ್ಬಳನ್ನೇ ಕರೆದು, ನಿನಗೆ ಎಲ್ಲಿರಬೇಕು ಎಂದು ಕೇಳುತ್ತಾರಂತೆ. ಹುಟ್ಟುವಾಗ ಅಂಗೈಯಗಲ ಇದ್ದಳೆಂದು ನೀನೇ ಅಲ್ಲವೇ ಅವಳಿಗೆ ಜೀರಿಗೆ ಎಂದು ಹೆಸರಿಟ್ಟಿದ್ದು? ಅವಳಿಗಿನ್ನೂ ಎಂಟು ವರ್ಷ. ಎರಡು ಬಣ್ಣದ ರಿಬ್ಬನ್ನಿನಲ್ಲಿ ಯಾವುದು ಎಂದು ಕೇಳಿದರೆ ಕಾಲು ಗಂಟೆ ನಿಲ್ಲುವ ಮಗು ಅದು. ಅವಳು ಯಾವ ಹೆಸರು ಹೇಳಿದರೂ ಇನ್ನೊಂದು ಹೆಸರನ್ನು ತಾನೇ ಕೈಯಾರೆ ಹೊಡೆದು ಹಾಕಿದೆ ಎಂದು ಜೀವಮಾನವೆಲ್ಲ ತಿಳಿದುಕೊಳ್ಳುತ್ತಾಳೆ. ನನಗೆ ಭಯವಾಗಿದೆ. ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ, ನನಗೆ ಬಹಳ ಭಯವಾಗಿದೆ.

ನೀನು ಬೇರೆ ಹೋದ ಮೇಲೂ ನಾನು ಈ ಮನೆಯಲ್ಲೇ ಉಳಿದೆ ಎಂಬ ಮುಳ್ಳು ನಿನ್ನ ಮನಸ್ಸಿನಲ್ಲಿ ಇನ್ನೂ ಇದೆ ಎಂದು ಬಲ್ಲೆ. ಅಮ್ಮ ಅವಳ ಪಕ್ಷ ಸೇರಿದಳು ಎಂದು ನಿನ್ನ ಸ್ನೇಹಿತನ ಹತ್ತಿರ ಹೇಳಿದೆಯಂತೆ, ಅವನು ಬಂದು ನನ್ನ ಹತ್ತಿರ ಹೇಳಿದ. ಅವನ ಹೊಟ್ಟೆಯಲ್ಲಿ ಮಾತು ನಿಂತ ದಿನ ಸೂರ್ಯ ಬೇರೆ ಕಡೆ ಹುಟ್ಟುತ್ತಾನೆ. ಕೇಳು, ನಾನು ಯಾರ ಪಕ್ಷವೂ ಅಲ್ಲ, ಮೂರು ಗಂಟೆಯ ಪಕ್ಷ. ಮೂರು ಗಂಟೆಗೆ ಶಾಲೆಯ ವ್ಯಾನು ಬಂದು ನಿಂತಾಗ ಬಾಗಿಲು ತೆಗೆಯಲು ಒಬ್ಬರು ಬೇಕು. ನೀನು ಆರು ತಿಂಗಳಿಗೊಂದು ಕಟ್ಟಡ, ಕಟ್ಟಡಕ್ಕೊಂದು ಬಾಡಿಗೆ ಕೋಣೆ ಎಂದು ತಿರುಗುತ್ತಿದ್ದೀಯ. ಇನ್ನು ನಿನ್ನ ಹೆಂಡತಿ, ಅಥವಾ ಬುಧವಾರ ಕಳೆದ ಮೇಲೆ ಅವಳನ್ನು ಏನೆಂದು ಕರೆಯಬೇಕೋ ಅದು, ಮಧ್ಯಾಹ್ನವೆಲ್ಲ ಹಿಂದಿನ ಕೋಣೆಯಲ್ಲಿ ಕೂತು ದಂತವೈದ್ಯರಿಗಾಗಿ ಹಲ್ಲಿನ ಸೆಟ್ಟು ಮಾಡುತ್ತಿರುತ್ತಾಳೆ. ಮನೆ ತುಂಬ ಸಾಲು ಸಾಲು ಹಲ್ಲು, ನಗುವವರು ಮಾತ್ರ ಯಾರೂ ಇಲ್ಲ. ನಿನಗೆ ಅವಳು ಹೆಂಡತಿ ಅಲ್ಲವೆಂದು ಕೋರ್ಟು ಬರೆದುಕೊಡಬಹುದು. ನನಗೆ ಅವಳು ಸೊಸೆ ಅಲ್ಲವೆಂದು ಬರೆದುಕೊಡುವ ಕೋರ್ಟು ಇನ್ನೂ ಹುಟ್ಟಿಲ್ಲ, ಹಾಗಾಗಿ ನಾನು ಸೊಸೆ ಎಂದೇ ಬರೆಯುತ್ತೇನೆ.

ಲೈಬ್ರರಿಯ ಮೇಲಿನ ಕೋಣೆಯಲ್ಲಿ ಭಾನುವಾರ ಹತ್ತು ಗಂಟೆಗೆ ನಡೆಯುವ ಸಲಹಾ ಕೂಟಕ್ಕೆ ಮೊದಲೆರಡು ಸಲ ನೀನೂ ಬಂದಿದ್ದೆ, ಆಮೇಲೆ ಕೆಲಸದ ನೆಪ ಹೇಳಿ ಬಿಟ್ಟೆ. ನಾನೂ ಮೊದಲು ಹೋಗಿದ್ದು ತಪ್ಪು ಹುಡುಕಲಿಕ್ಕೇ. ಸಂಸಾರ ಮುರಿದವರನ್ನೆಲ್ಲ ಒಂದು ಕಡೆ ಕೂರಿಸಿದರೆ ಏನು ಬರುತ್ತದೆ, ಕುಂಟ ಕುರುಡನಿಗೆ ದಾರಿ ತೋರಿಸಿದ ಹಾಗೆ ಎಂದುಕೊಂಡಿದ್ದೆ. ಆ ಸಲಹೆಗಾರ್ತಿ ಮೇಜಿನ ಮೇಲೆ ಅಡುಗೆಮನೆಯ ಟೈಮರ್ ಇಟ್ಟು ಒಬ್ಬೊಬ್ಬರಿಗೆ ನಾಲ್ಕೇ ನಿಮಿಷ ಕೊಡುತ್ತಾಳೆ. ಅವಳಿಗೆ ಗಡಿಯಾರಮ್ಮ ಎಂದು ನಾನಿಟ್ಟ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ನನ್ನ ನಾಲ್ಕು ನಿಮಿಷ ಪೀಠಿಕೆಗೇ ಮುಗಿದು ಹೋಗುತ್ತಿತ್ತು. ಆದರೆ ಮಾತು ಕಡಿಮೆ ಇದ್ದಷ್ಟೂ ಜಗಳ ಕಡಿಮೆ ಎಂಬ ಅವಳ ಮಾತು ನನಗೆ ಹಿಡಿಸಿತು. ನೀನು ಬಲ್ಲೆ, ಮೂವತ್ತೊಂದು ವರ್ಷ ತಂತಿ ಕಚೇರಿಯ ಕೌಂಟರಿನಲ್ಲಿ ಕೂತು ನಾನು ಮಾಡಿದ್ದು ಅದೇ ಕೆಲಸ. ಜನ ಎರಡು ಹಾಳೆ ತುಂಬ ಬರೆದುಕೊಂಡು ಬರುತ್ತಿದ್ದರು, ನಾನು ಪೆನ್ಸಿಲ್ಲಿನಲ್ಲಿ ಹೊಡೆದು ಹೊಡೆದು ನಾಲ್ಕು ಪದಕ್ಕೆ ಇಳಿಸುತ್ತಿದ್ದೆ. ನಾನು, ನೀನು, ನಮ್ಮ, ನಿಮ್ಮ ಎಲ್ಲ ಮೊದಲು ಹೋಗುತ್ತಿದ್ದವು, ಯಾರು ಯಾರಿಗೆ ಕಳಿಸಿದ್ದೆಂದು ತಂತಿ ತಲುಪಿದವರಿಗೆ ಗೊತ್ತೇ ಇರುತ್ತದಲ್ಲ. ಗಂಡು ಮಗು, ಇಬ್ಬರೂ ಕ್ಷೇಮ ಎಂದು ಕಳಿಸಿದ್ದನ್ನು ಅವಳಿ ಗಂಡು ಎಂದು ಓದಿಕೊಂಡು ಎರಡು ತೊಟ್ಟಿಲು ತಂದ ಒಬ್ಬ ಮಾವನೂ ಇದ್ದ, ಆ ಕಥೆ ಹೇಳಿದರೆ ಕೂಟದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಜೀರಿಗೆಯ ಚೀಲದಲ್ಲಿ ಇಡುವ ನೀಲಿ ಪುಸ್ತಕ ಗಡಿಯಾರಮ್ಮನ ಸಲಹೆ. ಫೋನಿನಲ್ಲಿ ನಿಮ್ಮಿಬ್ಬರ ಮಾತು ಬೇಡ, ಮಗುವಿಗೆ ಬೇಕಾದದ್ದಷ್ಟನ್ನೇ ಪುಸ್ತಕದಲ್ಲಿ ಬರೆಯಿರಿ: ನಿದ್ದೆ, ಊಟ, ಜ್ವರ, ಹೋಂವರ್ಕು, ಯಾವ ಬಟ್ಟೆ ಯಾವ ಮನೆಯಲ್ಲಿ ಉಳಿಯಿತು. ನೀನು ಎಂದೋ ನೀವು ಎಂದೋ ಬರೆಯಲೇಬಾರದು. "ನೀನು ಅಂತ ಶುರುವಾದ ವಾಕ್ಯ ಜಗಳದಲ್ಲೇ ಮುಗಿಯೋದು" ಎಂದು ಅವಳು ಹೇಳಿದಾಗ ನೀನು ತಲೆಯಾಡಿಸಿದ್ದನ್ನು ನಾನು ನೋಡಿದ್ದೇನೆ. ಹೇಗೂ ಮಗು ಕದ್ದು ಓದುತ್ತದೆ, ಆದ್ದರಿಂದ ಅದು ಓದಬಾರದ್ದನ್ನು ಬರೆಯಲೇಬೇಡಿ, ಬರೆದದ್ದನ್ನು ಅದಕ್ಕೆ ಓದಲು ಬರುವಂತೆ ಬಾಲಪಾಠದ ಗುಂಡು ಅಕ್ಷರದಲ್ಲಿ ಬರೆಯಿರಿ ಎಂದೂ ಹೇಳಿದಳು. ಗುರುವಾರ ಸಂಜೆ ಆ ವಾರದ ಪುಟದ ಫೋಟೊ ನಿನಗೆ ಹೋಗಬೇಕು, ಶನಿವಾರ ನಾಲ್ಕು ಗಂಟೆಗೆ ಸೊಸೆ ಮಗುವನ್ನು ಲೈಬ್ರರಿಯ ಮೆಟ್ಟಿಲಿಗೆ ಕರೆತರಬೇಕು, ನೀನು ಬಂದು ಕರೆದುಕೊಂಡು ಹೋಗಿ ಭಾನುವಾರ ಸಂಜೆ ಅಲ್ಲೇ ತಂದು ಬಿಡಬೇಕು. ಎಂಟು ತಿಂಗಳು ಇದು ನಡೆಯಿತು. ನಿಮ್ಮಿಬ್ಬರಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿದ್ದರೂ ಈ ಒಂದು ವಿಷಯದಲ್ಲಿ ಗಾಡಿ ಮುಂದಕ್ಕೆ ಹೋಗುತ್ತಿತ್ತು.

ನನಗೂ ಅಲ್ಲಿ ಪಾಠವಾಗಿದೆ, ಅದನ್ನೂ ಬರೆಯಬೇಕು. ಭಾನುವಾರ ಜೀರಿಗೆ ವಾಪಸ್ ಬಂದ ಕೂಡಲೇ ಅಪ್ಪ ಏನು ತಿನ್ನಿಸಿದ, ಕೋಣೆ ಗುಡಿಸಿದ್ದನಾ, ಯಾರಾದರೂ ಬಂದಿದ್ದರಾ ಎಂದು ನಾನು ಕೇಳುತ್ತಿದ್ದೆ. ಪ್ರೀತಿಯಿಂದಲೇ ಕೇಳುತ್ತಿದ್ದೆ ಎಂದುಕೊಂಡಿದ್ದೆ. ಒಂದು ದಿನ ಅವಳು ಹೊಟ್ಟೆನೋವು ಎಂದು ಉತ್ತರ ಕೊಡದೆ ಮಲಗಿಬಿಟ್ಟಳು. ಗಡಿಯಾರಮ್ಮನ ಮುಂದೆ ಹೇಳಿದಾಗ ಅವಳು ಟೈಮರನ್ನು ಪಕ್ಕಕ್ಕಿಟ್ಟು, "ಅಮ್ಮಾ, ಮಗು ಪೋಸ್ಟ್‌ಮ್ಯಾನೂ ಅಲ್ಲ, ಪತ್ತೇದಾರನೂ ಅಲ್ಲ. ಎರಡು ಮನೆ ಇರೋ ಮಗುಗೆ ಎರಡು ಮನೇಲೂ ಬಾಯಿ ಮುಚ್ಕೊಂಡಿರೋ ಹಕ್ಕಿದೆ" ಎಂದಳು. ನನ್ನಂಥ ಬಾಯಿಬಡುಕಿಗೆ ಅದು ಸರಿಯಾಗಿ ನಾಟಿತು. ಅಂದು ಪಕ್ಕದಲ್ಲಿ ಕೂತಿದ್ದವನೇ ಈ ಡ್ರೈವರಣ್ಣ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಹೆಂಡತಿಯಿಂದ ಬಿಡುಗಡೆಯಾಗಿ ನಾಲ್ಕು ವರ್ಷ. "ಗಂಡನಾಗಿ ನಾನು ಫೇಲಮ್ಮ. ಅಪ್ಪನಾಗಿ ಇನ್ನೂ ಪರೀಕ್ಷೆ ಬರೀತಾ ಇದೀನಿ" ಎನ್ನುತ್ತಾನೆ. ಮಕ್ಕಳನ್ನು ಅವರ ಅಮ್ಮನ ಕೈಗೆ ಒಪ್ಪಿಸುವಾಗ ಮುಖ ಗಂಟಿಕ್ಕದೆ ಟಾಟಾ ಮಾಡಲು ಕಲಿಯುವುದಕ್ಕೆ ಅವನಿಗೆ ಒಂದು ವರ್ಷ ಹಿಡಿಯಿತಂತೆ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದನಂತೆ. ಅಷ್ಟೆತ್ತರದ ಮನುಷ್ಯ ಅದನ್ನು ಹೇಳುತ್ತ ಕೈಯೆತ್ತಿ ತೋರಿಸಿದಾಗ ನನಗೆ ನಿನ್ನ ನೆನಪಾಯಿತು.

ಇನ್ನು ಆ ಶನಿವಾರ. ಅಂದು ಒಬ್ಬ ವೃದ್ಧರಿಗೆ ಹಲ್ಲಿನ ಸೆಟ್ಟು ತುರ್ತಾಗಿ ಬೇಕಾಗಿತ್ತು, ಸೊಸೆಗೆ ಕೈ ಬಿಡುವ ಹಾಗಿರಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಜೀರಿಗೆಯನ್ನು ಲೈಬ್ರರಿ ಮೆಟ್ಟಿಲಿಗೆ ಕರೆದುಕೊಂಡು ಹೋದವಳು ನಾನೇ. ನಿನಗೆಂದು ತಾನೇ ಬಣ್ಣ ಹಚ್ಚಿದ ಲಿಫ್ಟಿನ ಚಿತ್ರವನ್ನು ಮಡಚದೆ ಕೈಯಲ್ಲಿ ಹಿಡಿದಿದ್ದಳು. ಚಿತ್ರದಲ್ಲಿ ಲಿಫ್ಟಿನ ಒಳಗೆ ನೀನು ನಿಂತಿದ್ದೆ, ಹೊರಗೆ ಬಟನ್ ಒತ್ತುತ್ತ ಅವಳು. ನಾಲ್ಕೂವರೆಗೆ ಮೇಲಿನ ಮೆಟ್ಟಿಲಿಗೆ ಹೋಗಿ ನಿಂತಳು, ದೂರದಿಂದ ಕಾಣಲಿ ಎಂದು. ಐದಕ್ಕೆ ನಿನಗೆ ಫೋನ್ ಮಾಡಿದೆ, ಐದೂಕಾಲಿಗೆ ಮಾಡಿದೆ, ಐದೂವರೆಗೆ ಮಾಡಿದೆ. ನೀನು ಆ ಹೊತ್ತಿಗೆ ಓವರ್‌ಟೈಮ್ ಹಾಕಿಕೊಂಡು ಹನ್ನೆರಡನೆಯ ಮಹಡಿಯಿಂದ ಲಿಫ್ಟಿನ ಗುಂಡಿಯೊಳಗೆ ಇಳಿದಿದ್ದೆ, ಅಲ್ಲಿ ಫೋನ್ ಹಿಡಿಯುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಆರಕ್ಕೆ ಲೈಬ್ರರಿಯ ಜವಾನ ಬಾಗಿಲು ಹಾಕಿ, ಯಾರಿಗೆ ಕಾಯ್ತಾ ಇದೀರಿ ಎಂದು ಕೇಳಿದ. ಜೀರಿಗೆ, "ಯಾರಿಗೂ ಇಲ್ಲ ಅಂಕಲ್, ಸುಮ್ನೆ ಗಾಳಿಗೆ ನಿಂತಿದೀವಿ" ಎಂದಳು. ನಿನ್ನ ಮಾನ ಉಳಿಸಿದಳಪ್ಪ ಅವಳು, ಬೀದಿಯಲ್ಲಿ ನಿಂತು. ಆರೂವರೆಗೆ ನಾವು ವಾಪಸ್ ಹೊರಟೆವು, ಚಿತ್ರವನ್ನು ಅವಳು ಆಗಲೂ ಮಡಚಿರಲಿಲ್ಲ.

ನೀನು ಪುಟದ ಫೋಟೊ ನೋಡಿ, ಮಗುವನ್ನು ಕಳಿಸುವುದಿಲ್ಲ ಎಂದು ತಿಳಿದೆ. ಸೊಸೆ ನೀನು ಮೆಟ್ಟಿಲಿಗೆ ಬಾರದ ಸುದ್ದಿ ಕೇಳಿ, ಬೇಕೆಂತಲೇ ಕೈಕೊಟ್ಟೆ ಎಂದು ತಿಳಿದಳು. ಅಂದು ಅವಳು ನಿನಗೆ ಕಳಿಸಿದ ಮೆಸೇಜಿನಲ್ಲಿ ನೀನು ಎಂಬ ಪದ ಹನ್ನೊಂದು ಸಲ ಇತ್ತು, ನಿನ್ನ ಉತ್ತರದಲ್ಲಿ ಅದಕ್ಕಿಂತ ಹೆಚ್ಚು. ಸೋಮವಾರ ನೀನು ವಕೀಲರ ಹತ್ತಿರ, ಮಂಗಳವಾರ ಅವಳು ವಕೀಲರ ಹತ್ತಿರ. ಅಲ್ಲಿಂದ ಈಚೆಗೆ ಐದು ಶನಿವಾರ ನೀನು ಮಗುವಿನ ಮುಖ ನೋಡಿಲ್ಲ, ವಕೀಲರು ಬೇಡವೆಂದರು ಎಂದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಸಾವಿರ ಸಲ ಬೇರೆಯವರ ಮನೆಗೆ ಹೇಳಿದ ಗಾದೆಯನ್ನು ನನ್ನ ಮನೆಯಲ್ಲೇ ನೋಡುತ್ತಿದ್ದೇನೆ. ಜೀರಿಗೆ ಈಗ ಎಲ್ಲವನ್ನೂ ಚೀಲದಲ್ಲಿ ತುಂಬುತ್ತಾಳೆ. ಹಲ್ಲುಜ್ಜುವ ಬ್ರಷ್ಷು, ಚಪ್ಪಲಿ, ದಿಂಬಿನ ಕವರು ಎಲ್ಲ ಹೊತ್ತು ಶಾಲೆಗೆ ಹೋಗುತ್ತಾಳೆ. ಏಕೆ ಎಂದರೆ, "ಎಲ್ಲಿಗೆ ಹೋಗು ಅಂದ್ರೂ ಹೋಗೋಕೆ" ಎಂದಳು. ಊಟದ ಮಧ್ಯೆ ಒಮ್ಮೆ, "ಅಮ್ಮನ ಹತ್ರ ಇರ್ತೀನಿ ಅಂದ್ರೆ ಅಪ್ಪಂಗೆ ಜೈಲಾ?" ಎಂದು ಕೇಳಿದಳು. ಸೊಸೆ ತಟ್ಟೆ ಬಿಟ್ಟು ಎದ್ದು ಹೋದಳು.

ಈಗ ಆ ಎರಡು ಪದಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬುಧವಾರ ಎಲ್ಲವೂ ಅದರ ಮೇಲೆಯೇ ನಿಂತಿದೆ. ನೀನೇ ಕೂತು ಯೋಚಿಸು. ಬರುತ್ತೇನೆ ಎಂದರೆ ನಾನು. ಬರುತ್ತಾಳೆ ಎಂದರೆ ಅವಳು. ಬರುವುದಿಲ್ಲ ಎಂದರೆ ಯಾರು? ನಾನೂ ಆಗಬಹುದು, ಅವಳೂ ಆಗಬಹುದು, ಮಗುವೂ ಆಗಬಹುದು, ಆರು ಗಂಟೆಯ ಬಸ್ಸೂ ಆಗಬಹುದು. ಹೂಂ ಎನ್ನುವಾಗ ನಮ್ಮ ಮಾತು ಮುಖ ತೋರಿಸುತ್ತದೆ, ಇಲ್ಲ ಎನ್ನುವಾಗ ಮುಖ ಮುಚ್ಚಿಕೊಳ್ಳುತ್ತದೆ. ಆ ಪುಟದ ಅರ್ಥ ಇಷ್ಟೇ: ಅಂದು ಮೆಟ್ಟಿಲಿಗೆ ಸೊಸೆ ಬರುವುದಿಲ್ಲ. ಮಗು ಬರುತ್ತಿತ್ತು, ಬಂದಿತ್ತು, ಎರಡೂವರೆ ಗಂಟೆ ನಿಂತಿತ್ತು. ನೀನು ಅದನ್ನು ಮಗು ಬರುವುದಿಲ್ಲ ಎಂದು ಓದಿದೆ, ಸಿಟ್ಟಿನ ಕಣ್ಣಿಗೆ ಹಾಗೇ ಕಂಡಿತು. ಅವಳು ಮಗುವನ್ನು ನಿನ್ನಿಂದ ದೂರ ಇಡುವವಳಲ್ಲ. ನಿನ್ನ ಮೇಲೆ ಅವಳಿಗೆ ಬೆಟ್ಟದಷ್ಟು ಕೋಪವಿದೆ, ಸುಳ್ಳು ಹೇಳುವುದಿಲ್ಲ. ಆದರೂ ಜೀರಿಗೆಯ ಮಂಚದ ಪಕ್ಕದ ಗೋಡೆಯಿಂದ ನಿನ್ನ ಫೋಟೊ ತೆಗೆದಿಲ್ಲ, ಧೂಳು ಒರೆಸುವವಳೂ ಅವಳೇ.

ಡೈವೋರ್ಸ್ ಬೇಡ, ಹೊಂದಿಕೊಂಡು ಹೋಗಿ ಎಂದು ನಾನು ಬರೆಯುತ್ತಿಲ್ಲ. ಮೊದಲು ಹಾಗೆ ಹೇಳಿ ಹೇಳಿ ನಿಮ್ಮಿಬ್ಬರ ಎರಡು ವರ್ಷ ಹಾಳು ಮಾಡಿದೆ. ನೀವಿಬ್ಬರೂ ಒಂದೇ ಕೋಣೆಯಲ್ಲಿ ಇದ್ದರೆ ಹಾಲು ತಾನಾಗಿ ಒಡೆಯುತ್ತದೆ ಎಂದು ಈಗ ಒಪ್ಪುತ್ತೇನೆ. ಬಿಡುವುದಾದರೆ ಬಿಡಿ, ಸರಿಯಾಗಿ ಬಿಡಿ. ಆದರೆ ಗಂಡ ಹೆಂಡತಿ ಎಂಬ ಕೆಲಸಕ್ಕೆ ರಾಜೀನಾಮೆ ಕೊಟ್ಟವರು ಅಪ್ಪ ಅಮ್ಮ ಎಂಬ ಕೆಲಸದಲ್ಲಿ ಒಂದೇ ಕಚೇರಿಯಲ್ಲಿ ಕೂರಲೇಬೇಕು, ರಿಟೈರಾಗುವ ತನಕ. ತಂತಿ ಕಚೇರಿಯಲ್ಲಿ ನಾನೂ ನನ್ನ ಮೇಲಿನ ಗುಮಾಸ್ತೆಯೂ ಒಂಬತ್ತು ವರ್ಷ ಮಾತು ಬಿಟ್ಟಿದ್ದೆವು, ಒಂದು ತಂತಿಯೂ ತಪ್ಪಿ ಹೋಗಲಿಲ್ಲ. ಹಾಗಾಗಿ ನನ್ನ ಕೋರಿಕೆ ಇಷ್ಟೇ. ಆ ಹೊಸ ಅರ್ಜಿ ವಾಪಸ್ ತೆಗೆದುಕೋ. ಜೀರಿಗೆಯನ್ನು ಆ ಕೋಣೆಗೆ ಒಬ್ಬಳನ್ನೇ ಕಳಿಸಬೇಡ. ಈ ಭಾನುವಾರ ಹತ್ತು ಗಂಟೆಗೆ ಕೂಟಕ್ಕೆ ಬಾ, ಸೊಸೆಯೂ ಬರುತ್ತಾಳೆ, ನಾನು ಕೇಳಿದ್ದೇನೆ. ಗಡಿಯಾರಮ್ಮ ನಿಮಗಿಬ್ಬರಿಗೆ ಒಂದು ಗಂಟೆ ಎತ್ತಿಟ್ಟಿದ್ದಾಳೆ, ಟೈಮರ್ ಇಲ್ಲದೆ. ಸತ್ಯ ಎದುರಿಗೆ ಇಟ್ಟುಕೊಂಡು ಮಾತಾಡಿ. ಸತ್ಯ ಹೇಳಿದರೆ ಸತ್ತವರಿಲ್ಲ.

ಮೊಣಕಾಲಿಗೆ ಪಟ್ಟಿ ಹಾಕಿಕೋ. ಹಸಿದ ಹೊಟ್ಟೆಯಲ್ಲಿ ಈ ಕಾಗದ ಓದಿದ್ದರೆ ಊಟ ಮಾಡಿ ಇನ್ನೊಮ್ಮೆ ಓದು. ನಿನ್ನ ಕೋಪ ನನ್ನ ಆಯಸ್ಸಿಗಿಂತ ಬೇಗ ತೀರಲಿ, ನನ್ನದೂ ಹಾಗೇ ತೀರಲಿ.

ನಿನ್ನ ಮೇಲೆ ಕೋಪವಿದ್ದರೂ ನಿನ್ನದೇ ಚಿಂತೆಯಲ್ಲಿರುವ,
ಅಮ್ಮ

ತಾ. ಕ.: ಮೂರೂ ಇಪ್ಪತ್ತು. ಡ್ರೈವರಣ್ಣ ಕೆಳಗೆ ಬಂದು ನಿಂತಿದ್ದಾನೆ, ನಾಲ್ಕಕ್ಕೆ ಬಸ್ಸು. ಲಕೋಟೆಗೆ ಹಾಕುವಷ್ಟರಲ್ಲಿ ಜೀರಿಗೆ ಶಾಲೆಯಿಂದ ಬಂದಳು. ಅಭ್ಯಾಸಬಲ ನೋಡು, ಇಡೀ ಕಾಗದವನ್ನು ಗುಂಡು ಅಕ್ಷರದಲ್ಲೇ ಬರೆದುಬಿಟ್ಟಿದ್ದೇನೆ. ನನ್ನ ಹೆಗಲ ಮೇಲಿಂದ ಬಗ್ಗಿ ಆ ಎರಡು ಪದಗಳ ಮೇಲೆ ಬೆರಳಿಟ್ಟು ನನ್ನ ಕಿವಿಯಲ್ಲಿ ಹೇಳಿದಳು: "ಅಜ್ಜಿ, ನೀನು ಹೆದರ್ಕೋಬೇಡ. ಬುಧವಾರ ಜಡ್ಜು ಕೇಳಿದ್ರೆ ಇದನ್ನ ನಾನೇ ಬರೆದೆ ಅಂತೀನಿ. ಮಕ್ಕಳನ್ನ ಯಾರೂ ಮನೆಯಿಂದ ಕಳಿಸಲ್ಲ. ದೊಡ್ಡೋರೇ ಅಲ್ವಾ ಹೋಗೋದು."

ಮಗನೇ, ಅದನ್ನು ಬರೆದವಳು ನಾನು. ಸೊಸೆ ಅಲ್ಲ, ಗುಂಡು ಅಕ್ಷರದಲ್ಲಿ ಎಲ್ಲರ ಕೈಬರಹವೂ ಒಂದೇ ಥರ ಕಾಣುತ್ತದೆ. ಆ ಗುರುವಾರ ಸಂಜೆ ಅವಳ ಎರಡೂ ಕೈ ಹಲ್ಲಿನ ಅಚ್ಚಿಗೆ ಕಲಸಿದ ಪ್ಲಾಸ್ಟರಿನಲ್ಲಿದ್ದವು, ಬಿಟ್ಟರೆ ಅದು ಗಟ್ಟಿಯಾಗಿಬಿಡುತ್ತದೆ. ಕೂತಲ್ಲಿಂದಲೇ ಹೇಳಿದಳು: "ಅತ್ತೆ, ಶನಿವಾರ ನಂಗೆ ಬರೋಕಾಗಲ್ಲ, ನೀವೇ ಮಗೂನ ಕರ್ಕೊಂಡು ಬರ್ತೀರಿ ಅಂತ ಪುಸ್ತಕದಲ್ಲಿ ಬರ್ದುಬಿಡಿ." ನಾನು ಕೌಂಟರಿನಲ್ಲಿ ಕೂತ ಹಾಗೆ ಕೂತು ಹೊಡೆದು ಹಾಕುತ್ತ ಹೋದೆ. ನಾನು ಎಂಬುದು ಬೇಡ. ಅತ್ತೆ ಬೇಡ, ಮೆಟ್ಟಿಲ ಮೇಲೆ ನನ್ನನ್ನು ನೋಡಿದರೆ ನಿನಗೇ ತಿಳಿಯುತ್ತದೆ. ಕೊನೆಗೆ ಎರಡು ಪದ ಉಳಿದವು, ಚೊಕ್ಕವಾಗಿದೆ ಎಂದು ಹೆಮ್ಮೆಪಟ್ಟೆ. ಫೋಟೊ ತೆಗೆದು ನಿನಗೆ ಕಳಿಸಿದವಳು ಜೀರಿಗೆ. ಮೆಟ್ಟಿಲ ಮೇಲೆ ಅಷ್ಟು ಹೊತ್ತು ನಿಂತವಳಿಗೆ ಎಲ್ಲವೂ ಗೊತ್ತಿತ್ತು. ನೀನು ಸಿಟ್ಟಿನಲ್ಲಿ ಆ ಫೋಟೊವನ್ನೇ ಅವಳಿಗೆ ವಾಪಸ್ ಕಳಿಸಿದ ದಿನವೇ ನಾನು ಬರೆದದ್ದೇನೆಂದು ಸೊಸೆಗೂ ಗೊತ್ತಾಯಿತು. ಅತ್ತೆ ಬರೆದದ್ದು ಎಂದು ಹೇಳಿ, ವಿಷಯ ಮುಗಿಯುತ್ತೆ ಎಂದು ಅವಳ ವಕೀಲರು ಇದೇ ಅಡುಗೆಮನೆಯಲ್ಲಿ ಕೂತು ಹೇ‍ಳಿದರು. "ನಮ್ಮತ್ತೆ ಹೆಸರು ಇದರಲ್ಲಿ ಬರಬಾರದು. ಅವರ ಮಗ ಅವರ ಮುಖ ನೋಡಲ್ಲ ಆಮೇಲೆ" ಎಂದಳು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಕೇಳಿಸಿಕೊಂಡು ಸುಮ್ಮನಿದ್ದೆ, ಐದು ವಾರ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದಿದ್ದರೂ ದಿನಾ ನನ್ನ ಹೆಗಲು ನಾನೇ ಮುಟ್ಟಿ ನೋಡಿಕೊಂಡೆ. ನೀನೂ ಬೇಡವೆಂದರೆ, ಇವಳೂ ಬೇಡವೆಂದರೆ, ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ ಎಂದು ಹೆದರಿದೆ. ಮೇಲೆ ಅಷ್ಟು ಹಾಳೆ ಉಪದೇಶ ಬರೆದವಳು ಯಾರು ಬರೆದರು ಎಂಬುದೊಂದನ್ನು ಹಾರಿಸಿಕೊಂಡು ಬಂದಿದ್ದೇನೆ, ತಿರುಗಿ ಓದಿ ನೋಡು. ನನ್ನ ಚೀಲವನ್ನೂ ಆ ಮಗುವೇ ಹೊತ್ತುಕೊಂಡು ತಿರುಗುತ್ತಿತ್ತು, ನನಗೆ ನಾಚಿಕೆಯಾಗುತ್ತಿದೆ.

ಬುಧವಾರ ನಾನು ಬಂದು ಜಡ್ಜರ ಮುಂದೆ ಇದನ್ನೇ ಹೇಳುತ್ತೇನೆ, ನೀನು ಅರ್ಜಿ ವಾಪಸ್ ತೆಗೆದುಕೊಂಡರೂ ಸರಿ, ಬಿಟ್ಟರೂ ಸರಿ. ಆಮೇಲೆ ನನ್ನ ಮುಖ ನೋಡುವುದು ಬಿಡುವುದು ನಿನಗೆ ಬಿಟ್ಟದ್ದು. ಮಗುವಿನ ಮುಖ ನೋಡಲು ಬುಧವಾರದ ತನಕ ಕಾಯಬೇಡ. ಡ್ರೈವರಣ್ಣ ನಾಳೆ ಬೆಳಿಗ್ಗೆ ಅಲ್ಲಿಂದ ವಾಪಸ್ ಹೊರಡುತ್ತಾನೆ, ಅವನ ಹಿಂದಿನ ಸೀಟು ನಿನಗೆ ಇಟ್ಟಿರುತ್ತಾನೆ. ಹಾರ್ನ್ ಮಾಡುತ್ತಿದ್ದಾನೆ. ನಾಳೆ ಶನಿವಾರ. ನಾಲ್ಕು ಗಂಟೆಗೆ ನಾನು ಜೀರಿಗೆಯನ್ನು ಕರೆದುಕೊಂಡು ಲೈಬ್ರರಿಯ ಮೆಟ್ಟಿಲಿಗೆ ಬರುತ್ತೇನೆ. ಈ ಸಲ ಒಂದು ಪದವನ್ನೂ ಹೊಡೆದು ಹಾಕಿಲ್ಲ.